ಜುಲೈ ಒಂದನೇ ತಾರೀಖಿನವರು

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಿಂದ ಎರಡು ಬೀದಿ ಒಳಗೆ, ನಮ್ಮ ಡ್ರಿಲ್ ಮೇಡಂ ಅವರ ತಮ್ಮನ ಮನೆಯ ಕಾಂಪೌಂಡಿಗೆ ಒಂದು ಫ್ಲೆಕ್ಸ್ ಕಟ್ಟಿದ್ದರು. ತೆಲುಗಿನಲ್ಲಿ ಹೆಸರು, ಕೆಳಗೆ ಹುಟ್ಟಿದ ದಿನ, ಹೋದ ದಿನ. ಹೋದ ದಿನ ಸರಿಯಾಗಿತ್ತು. ಹುಟ್ಟಿದ ದಿನ ಜುಲೈ ಒಂದು ಎಂದಿತ್ತು, ಅದು ತಪ್ಪು. ನಾನು ಅದನ್ನೇ ನೋಡುತ್ತ ನಿಂತದ್ದನ್ನು ಕಂಡು ತಮ್ಮ ಹತ್ತಿರ ಬಂದು, "ಆಧಾರ್‌ನಾಗೆ ಹಂಗೇ ಐತೆ ಮೇಡಂ, ಫ್ಲೆಕ್ಸ್ ಅಂಗಡಿಯೋನು ಅದನ್ನೇ ನೋಡಿ ಹಾಕ್ಬುಟ್ಟ. ಬದಲಾಯಿಸ್ಲಾ?" ಎಂದ. ಬೇಡಪ್ಪ, ಹಾಗೇ ಇರಲಿ ಎಂದೆ.

ಫೋಟೊ ಚೆನ್ನಾಗಿತ್ತು. ನಗುತ್ತಿದ್ದಾರೆ, ಮುಂದಿನ ಹಲ್ಲಿನ ಸಂದು ಕಾಣುತ್ತದೆ. ಆದರೆ ಹಣೆಯ ಮೇಲೆ ಕೂದಲಿರುವಲ್ಲಿಗೆ ಸರಿಯಾಗಿ ಚಿತ್ರವನ್ನು ಕತ್ತರಿಸಿದ್ದರು, ಆ ಅಂಚಿನಲ್ಲಿ ಒಂದು ಗೆರೆಯಷ್ಟು ಚಿನ್ನದ ಬಣ್ಣ ಉಳಿದಿತ್ತು. ನೋಡಿದವರು ಬಿಸಿಲು ಎಂದುಕೊಂಡಿರಬಹುದು. ಅದು ಬಿಸಿಲಲ್ಲ, ಬರ್ತ್‌ಡೇ ಮಕ್ಕಳಿಗೆ ಹಾಕುವ ಕಾಗದದ ಕಿರೀಟ. ನನಗೆ ಗೊತ್ತು, ಆ ಫೋಟೊ ತೆಗೆದವಳು ನಾನೇ.

ಹಿಂದೂಪುರದ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್, ಅವರು ಪಿಇಟಿ, ಆಟ ಆಡಿಸುವವರು. ಮಕ್ಕಳಿಂದ ಹಿಡಿದು ಹೆಡ್‌ಮಾಸ್ಟರವರೆಗೆ ಎಲ್ಲರಿಗೂ ಅವರು ಡ್ರಿಲ್ ಮೇಡಂ. ನಾನು ಬೆಂಗಳೂರು ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿದವಳು, ಮದುವೆಯಾಗಿ ಹಿಂದೂಪುರಕ್ಕೆ ಬಂದವಳು. ಅವರು ಕುಂದುರ್ಪಿ ಕಡೆಯ ಒಂದು ಹಳ್ಳಿಯವರು. ಕಡಲೆಕಾಯಿ ಹೊಲ, ಕುರಿ, ದಿನಕ್ಕೆರಡು ಬಸ್ಸು. ಕಾಟನ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಸರದ ಜೊತೆ ಕೆಂಪು ದಾರದ ವಿಸಲ್. ಅವರು ಪಿಸುಗುಟ್ಟಿದರೆ ಪಕ್ಕದ ಕ್ಲಾಸಿನಲ್ಲಿ ಪಾಠ ನಿಲ್ಲುತ್ತಿತ್ತು. ಫ್ರಾಂಕ್ಲಿ, ಮೊದಲ ವರ್ಷ ನನಗೆ ಅವರು ಇಷ್ಟವಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಕಡಲೆಕಾಯಿ ತಿಂದು ಸಿಪ್ಪೆಯನ್ನು ಕೈಗೆ ಸಿಕ್ಕ ಡ್ರಾಯರಿನಲ್ಲಿ ಹಾಕಿಬಿಡುತ್ತಿದ್ದರು, ಅದು ಸಾಮಾನ್ಯವಾಗಿ ನನ್ನ ಡ್ರಾಯರ್. ನಾನು ಮ್ಯಾನರ್ಸ್ ಬಗ್ಗೆ ಏನೋ ಹೇಳಿದೆ. ಮಾರನೆಯ ದಿನ ಅದೇ ಡ್ರಾಯರಿನಲ್ಲಿ ಸಿಪ್ಪೆಯಿಲ್ಲದ, ಹುರಿದ, ಉಪ್ಪು ಹಚ್ಚಿದ ಬೀಜದ ಪೊಟ್ಟಣ ಇತ್ತು. ಅಲ್ಲಿಂದ ಅವರು ನನ್ನನ್ನು ಅಕ್ಕ ಎಂದರು. ನಾನು ಕೊನೆಯವರೆಗೂ ಡ್ರಿಲ್ ಮೇಡಂ ಎಂದೇ ಕರೆದೆ. ಕಾನ್ವೆಂಟ್ ಅಭ್ಯಾಸ, ಸಲಿಗೆ ಬೇಗ ಬರುವುದಿಲ್ಲ.

ವರ್ಷಕ್ಕೊಂದು ಎಕ್ಸ್‌ಕರ್ಷನ್ ಅವರ ಜವಾಬ್ದಾರಿ. ಮಕ್ಕಳಿಗೆ ಬೇಕಾದದ್ದು ಒಂದೇ, ಬೆಂಗಳೂರಿನ ಆಚೆ ಇರುವ ಆ ದೊಡ್ಡ ವಾಟರ್ ಪಾರ್ಕು. ಅದರ ಟಿಕೆಟ್ಟೋ ಪ್ರತಿ ವರ್ಷ ಏರುತ್ತಿತ್ತು. ಹೆಡ್‌ಮಾಸ್ಟರು ಹೊಸ ರೇಟು ಕೇಳಿದ ಕೂಡಲೇ ಲೇಪಾಕ್ಷಿಗೆ ಹೋಗಿ ಬನ್ನಿ, ಕಲ್ಲಿನ ಬಸವನಿಗೆ ಟಿಕೆಟ್ಟಿಲ್ಲ ಎನ್ನುತ್ತಿದ್ದರು. ಡ್ರಿಲ್ ಮೇಡಂ ಅದನ್ನು ಸ್ಪೋರ್ಟ್ಸ್ ಡೇ ಹಾಗೆ ತೆಗೆದುಕೊಂಡರು. ಬೋರ್ಡಿನ ಮೇಲೆ ಬರೆದದ್ದು ರೇಟಲ್ಲ, ಅದು ಅವರು ಆಡಿದ ಮೊದಲನೇ ಮಾತು, ಎರಡನೇ ಮಾತು ನಾವು ಆಡಬೇಕು ಎನ್ನುವುದು ಅವರ ನಂಬಿಕೆ.

ಆ ಎರಡನೇ ಮಾತಿಗಾಗಿ ಅವರು ಪಟ್ಟ ಪಾಡು ಹೇಳಿದರೆ ಈಗಲೂ ನಗು ಬರುತ್ತದೆ. ಒಂದು ವರ್ಷ ಕೊಡಿಕೊಂಡದ ಚೆಕ್‌ಪೋಸ್ಟ್ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ತುಂಬಿಸಿದವರಿಗೆ ಆ ಪಾರ್ಕಿನ ಡಿಸ್ಕೌಂಟ್ ಕೂಪನ್ ಕೊಡುತ್ತಿದ್ದರು. ಎಲ್ಲಿಂದಲೋ ಬಂದ ಲಾರಿ ಡ್ರೈವರುಗಳು ಅದನ್ನು ಕೈ ಒರೆಸಿ ಬಿಸಾಡಿ ಹೋಗುತ್ತಿದ್ದರು. ಸುದ್ದಿ ಕೇಳಿದ ಭಾನುವಾರವೇ ಇವರು ಬಸ್ಸು ಹತ್ತಿ ಹೋಗಿ ಬಂಕಿನಲ್ಲಿ ನಿಂತರು. ಲಾರಿ ಹೊರಡುವ ಮುಂಚೆ ವಿಸಲ್. ಡ್ರೈವರ್ ಪೊಲೀಸ್ ಎಂದು ಗಾಬರಿಯಾಗಿ ನಿಲ್ಲಿಸುತ್ತಾನೆ, ನೋಡಿದರೆ ಕ್ಯಾನ್ವಾಸ್ ಶೂ ಹಾಕಿದ ಹೆಂಗಸು ಕೂಪನ್ ಕೇಳುತ್ತಾಳೆ. ಮೂರು ಭಾನುವಾರದಲ್ಲಿ ಒಂದು ಬಸ್ಸಿಗಾಗುವಷ್ಟು ಕೂಪನ್ ಆಯಿತು, ಕೆಲವಕ್ಕೆ ಮಾತ್ರ ಪರೋಟದ ಎಣ್ಣೆ ಅಂಟಿತ್ತು.

ಇನ್ನೊಂದು ವರ್ಷ ಪಾರ್ಕಿನವರು ವಯಸ್ಸು ಬಿಟ್ಟು ಎತ್ತರ ಅಳೆಯತೊಡಗಿದರು. ಗೇಟಿನಲ್ಲಿ ಒಂದು ಗೆರೆ, ಅದಕ್ಕಿಂತ ಕುಳ್ಳಗಿದ್ದರೆ ಚೈಲ್ಡ್ ಟಿಕೆಟ್. ಡ್ರಿಲ್ ಮೇಡಂ ಸ್ಪೋರ್ಟ್ಸ್ ರೂಮಿನ ಗೋಡೆಗೆ ಅದೇ ಎತ್ತರದಲ್ಲಿ ಚಾಕ್‌ಪೀಸಿನ ಗೆರೆ ಎಳೆದು ಏಳನೇ ಕ್ಲಾಸಿನವರನ್ನೆಲ್ಲ ನಿಲ್ಲಿಸಿದರು. ಆಮೇಲೆ ಹೆಡ್‌ಮಾಸ್ಟರ ಬಳಿ ಹೋಗಿ ಎಕ್ಸ್‌ಕರ್ಷನ್ ಡಿಸೆಂಬರಿನಲ್ಲಿ ಬೇಡ, ಈ ತಿಂಗಳೇ ಆಗಬೇಕು ಎಂದರು. ಯಾಕೆಂದು ಅವರು ಕೇಳಿದ್ದಕ್ಕೆ ಮೂರು ಹುಡುಗರು ಭಾರಿ ವೇಗದಲ್ಲಿ ಬೆಳೆಯುತ್ತಿದ್ದಾರೆ, ಡಿಸೆಂಬರಿಗೆ ಕೈಗೆ ಸಿಗುವುದಿಲ್ಲ ಎಂದರು. ಸುಳ್ಳು ಹೇಳಿ ಗೂನು ಬೆನ್ನು ಮಾಡಿಸುವ ಜಾತಿಯಲ್ಲ. ಗೇಟಿನ ಹತ್ತಿರ ಒಬ್ಬ ಹುಡುಗ ತಾನೇ ಮೊಣಕಾಲು ಬಗ್ಗಿಸಿದಾಗ ಬೆನ್ನಿಗೊಂದು ಕೊಟ್ಟು ನೆಟ್ಟಗೆ ನಿಲ್ಲಿಸಿದರು. ನೆಟ್ಟಗೆ ನಿಂತೂ ಅವನು ಗೆರೆಯ ಕೆಳಗೇ ಇದ್ದ.

ಹತ್ತನೇ ಕ್ಲಾಸಿನ ಹಾಲ್ ಟಿಕೆಟ್ ತೋರಿಸಿದವರಿಗೆ ರಿಯಾಯಿತಿ ಎಂದು ಒಮ್ಮೆ ಪೇಪರಿನಲ್ಲಿ ಬಂತು. ಫೇಲಾಗಿ, ಸಪ್ಲಿಮೆಂಟರಿ ಕಟ್ಟದೆ ಮೆಕ್ಯಾನಿಕ್ ಶೆಡ್ಡಿಗೆ ಸೇರಿದ್ದ ಒಬ್ಬ ಹುಡುಗನ ಬಳಿ ಹೋಗಿ, ಪರೀಕ್ಷೆ ಕಟ್ಟಿದರೆ ಹಾಲ್ ಟಿಕೆಟ್ ಬರುತ್ತದೆ, ಹಾಲ್ ಟಿಕೆಟ್ ಬಂದರೆ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ ಎಂದರು. ಅವನು ಪಾರ್ಕಿಗಾಗಿ ಪರೀಕ್ಷೆ ಬರೆದ. ಹೇಗೂ ಬರೆಯುತ್ತಿದ್ದೇನಲ್ಲ ಎಂದು ಸ್ವಲ್ಪ ಓದಿಯೂ ಇದ್ದ, ಪಾಸಾಗಿಬಿಟ್ಟ. ಇವನು ಮುಂದೆ ಬರುತ್ತಾನೆ, ನೆನಪಿಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿ ಮಕ್ಕಳನ್ನು ಗೇಟಿನವರೆಗೆ ತಂದ ಡ್ರಿಲ್ ಮೇಡಂ ಗೇಟು ದಾಟಿ ಒಳಗೆ ಹೋಗುತ್ತಿರಲಿಲ್ಲ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಒಳಗಿನ ತಿಂಡಿ ಕೊಳ್ಳುವ ಶಕ್ತಿ ನಮ್ಮ ಮಕ್ಕಳಿಗಿಲ್ಲ. ಆದ್ದರಿಂದ ಚಿತ್ರಾನ್ನ, ಚಪಾತಿ ತುಂಬಿದ ಬುಟ್ಟಿಗಳನ್ನು ಕಾಯುತ್ತ ಅವರು ಎದುರಿನ ಹೊಂಗೆ ಮರದ ಕೆಳಗೆ ಕೂರುವುದು, ಒಂದು ಗಂಟೆಗೆ ವಿಸಲ್ ಊದುವುದು, ಮಕ್ಕಳು ಕೈಮೇಲೆ ಸೀಲು ಹಾಕಿಸಿಕೊಂಡು ಹೊರಗೆ ಬಂದು ಉಂಡು ಮತ್ತೆ ಒಳಗೆ ಓಡುವುದು. ನಾನು ಪ್ರತಿ ಸಲವೂ ಒಳಗೆ. ಅವರಿಗೆ ನೀರು ಕಂಡರೆ ಆಗುವುದಿಲ್ಲವೇನೋ ಎಂದುಕೊಂಡಿದ್ದೆ. ಕೇಳುವಷ್ಟು ಬುದ್ಧಿ ನನಗೆ ಬಂದಿರಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಮಕ್ಕಳೆಲ್ಲ ಸುಸ್ತಾಗಿ ಮಲಗಿದ ಮೇಲೆ ಅವರು ನನ್ನ ಪಕ್ಕಕ್ಕೆ ಬಂದು ಕೂತು ಪ್ರತಿ ವರ್ಷ ಅದೇ ಪ್ರಶ್ನೆ ಕೇಳುತ್ತಿದ್ದರು: "ಈ ಸಲ ಅಲೆ ಹೆಂಗಿತ್ತು ಅಕ್ಕ?" ಒಳಗೆ ಒಂದು ದೊಡ್ಡ ಕೊಳವಿತ್ತು, ಮೆಷಿನ್ ಹಾಕಿ ಸಮುದ್ರದ ಹಾಗೆ ಅಲೆ ಎಬ್ಬಿಸುತ್ತಾರೆ. ಡ್ರಿಲ್ ಮೇಡಂ ಸಮುದ್ರ ನೋಡಿದವರಲ್ಲ. ನಾನು, ಡಿಸ್ಕ್ರಿಪ್ಟಿವ್ ಎಸ್ಸೇ ಬರೆಸಿ ಬರೆಸಿ ಪಳಗಿದವಳು, ವಿಸ್ತಾರವಾಗಿ ಹೇಳುತ್ತಿದ್ದೆ. ಮೊದಲು ಸೈರನ್ ಆಗುತ್ತದೆ. ನೀರು ಒಂದು ಸಲ ಉಸಿರು ಎಳೆದುಕೊಂಡಂತೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ದೂರದಿಂದ ಒಂದು ಗೋಡೆ ಎದ್ದು ಬರುತ್ತದೆ, ಕಾಲ ಕೆಳಗಿನ ನೆಲವೇ ಜಾರಿದಂತೆ ಆಗುತ್ತದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೆಚ್ಚುಗೆ ಸಿಕ್ಕಿತೆಂದು ನಾನು ಮುಂದಿನ ವರ್ಷ ಇನ್ನಷ್ಟು ಸೇರಿಸುತ್ತಿದ್ದೆ.

ಆರನೆಯ ವರ್ಷವೋ ಏಳನೆಯದೋ, ಆ ಕೊಳದಲ್ಲಿ ಒಬ್ಬ ಪುಟ್ಟ ಹುಡುಗಿ ನನ್ನ ಕೈ ಹಿಡಿದು ನಿಂತಿದ್ದಳು. ಅವಳ ಮಣಿಕಟ್ಟಿನಲ್ಲಿ ಬಣ್ಣದ ಪಟ್ಟಿ. ಮಕ್ಕಳದೆಲ್ಲ ನೀಲಿ, ಇವಳದು ನನ್ನ ಹಾಗೆ ಕೆಂಪು. ಅದರ ಮೇಲೆ ಇಂಗ್ಲಿಷಿನಲ್ಲಿ ಸ್ಟಾಫ್ ಎಂದಿತ್ತು. ನಮ್ಮ ಗುಂಪಿಗೆ ಟೀಚರುಗಳ ಫ್ರೀ ಪಾಸ್ ಎರಡು ಬರುತ್ತಿತ್ತು. ಒಂದು ನನ್ನ ಕೈಯಲ್ಲಿ. ಇನ್ನೊಂದು ಪ್ರತಿ ವರ್ಷ ಟಿಕೆಟ್ ಕೊಳ್ಳಲಾಗದ ಯಾವುದೋ ಒಂದು ಮಗುವಿನ ಕೈಯಲ್ಲಿ. ಗೇಟಿನವರು ಪಟ್ಟಿಯ ಬಣ್ಣ ನೋಡುತ್ತಾರೆ, ಅದರೊಳಗಿನ ಕೈ ಎಷ್ಟು ದೊಡ್ಡದು ಎಂದು ನೋಡುವುದಿಲ್ಲ.

ಅಂದು ಬಸ್ಸಿನಲ್ಲಿ ನಾನು ಅಲೆಯ ಬಗ್ಗೆ ಹೇಳಲಿಲ್ಲ. ಮುಂದಿನ ವರ್ಷ ನೀವು ಒಳಗೆ, ನಾನು ಮರದ ಕೆಳಗೆ ಎಂದೆ. ಅವರು ಜೋರಾಗಿ ನಕ್ಕರು. ನನ್ನನ್ನು ಕೂರಿಸಿದರೆ ಅಲ್ಲಿನ ಕೋತಿಗಳು ಬುಟ್ಟಿ ಖಾಲಿ ಮಾಡಿ, ನನಗೆ ಥ್ಯಾಂಕ್ಯೂ ಹೇಳಿ ಹೋಗುತ್ತವೆ ಎಂದರು. ಹಾಗಾದರೆ ಟಿಕೆಟ್ ನಾನು ಕೊಡಿಸುತ್ತೇನೆ ಎಂದೆ. ಅದಕ್ಕೆ ನಗಲಿಲ್ಲ.

"ಬ್ಯಾಡಕ್ಕ. ಪೂರಾ ರೇಟು ಕೊಟ್ಟು ಹೋಗೋದಕ್ಕೆ ನಾನು ಇಷ್ಟು ವರ್ಸ ಹೊರಗೆ ಕೂತ್ಕಂಡ್ನಾ? ಒಂದಿನ ಯಾರ ಪಟ್ಟೀನೂ ಇಸ್ಕಳ್ದಂಗೆ, ಕಾಸೂ ಕೊಡ್ದಂಗೆ, ನನ್ನ ಹೆಸರ ಮ್ಯಾಲೇ ಒಳಕ್ಕೋಯ್ತೀನಿ. ನೋಡ್ತಾ ಇರಿ."

ನೋಡುತ್ತ ಇದ್ದೆ. ಆದರೆ ರೇಟು ಏರುತ್ತಲೇ ಹೋಯಿತು. ಕೂಪನ್ ನಿಂತಿತು, ಎಲ್ಲ ಆನ್‌ಲೈನ್ ಆಯಿತು, ಬೇರೆ ದಿನ ಬೇರೆ ರೇಟು ಎಂದಾಯಿತು. ಒಂದು ವರ್ಷ ಮನೆಗಳಿಂದ ಹಣ ಬರಲಿಲ್ಲ. ಹೆಡ್‌ಮಾಸ್ಟರು ಗೆದ್ದರು, ಮಕ್ಕಳು ಲೇಪಾಕ್ಷಿಯ ಬಸವನನ್ನು ನೋಡಿ ಬಂದರು. ಅದಾದ ಮೇಲೆ ಪಾರ್ಕಿನ ಮಾತೇ ಏಳಲಿಲ್ಲ. ನಾನು ರಿಟೈರ್ ಆದೆ. ಡ್ರಿಲ್ ಮೇಡಂ ಸೀರೆ ಒದ್ದೆಯಾಗದೆಯೇ ಉಳಿದುಬಿಟ್ಟರು ಎಂದು ಆಗಾಗ ಮನಸ್ಸಿಗೆ ಬರುತ್ತಿತ್ತು, ಐ ಮಸ್ಟ್ ಅಡ್ಮಿಟ್, ಸ್ವಲ್ಪ ಚುಚ್ಚುತ್ತಲೂ ಇತ್ತು.

ಕೆಲವು ವರ್ಷ ಕಳೆದು ಒಂದು ಮೇ ತಿಂಗಳ ಮಧ್ಯಾಹ್ನ ಅವರ ಫೋನ್ ಬಂತು. ಜೂನ್ ಮೂವತ್ತಕ್ಕೆ ಅವರ ರಿಟೈರ್‌ಮೆಂಟ್. ಅದನ್ನು ಹೇಳಲು ಮಾಡಿದ್ದಲ್ಲ. ಪಾರ್ಕಿನ ವೆಬ್‌ಸೈಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಇದೆ, ಓದುತ್ತೇನೆ, ಅರ್ಥ ಹೇಳಿ ಎಂದರು. ಒಂದೊಂದೇ ಪದ ಕೂಡಿಸಿ ಓದಿದರು. ಹುಟ್ಟುಹಬ್ಬದ ದಿನ ಬಂದವರಿಗೆ ಪ್ರವೇಶ ಉಚಿತ. ಮುಂಚೆ ಬುಕ್ ಮಾಡಿರಬೇಕು. ಹುಟ್ಟಿದ ದಿನ ಗುರುತಿನ ಚೀಟಿಯಲ್ಲಿರುವಂತೆ.

"ಚೀಟಿನಾಗೆ ಇರೋ ಪ್ರಕಾರಾನಾ, ನಿಜದ ಪ್ರಕಾರಾನಾ?"

"ಚೀಟಿಯಲ್ಲಿರುವ ಪ್ರಕಾರ."

"ನಿಜ ಅನ್ನೋ ಮಾತು ಎಲ್ಲೂ ಇಲ್ವಲ್ಲ?"

ಇಲ್ಲ ಎಂದೆ. ಡ್ರಿಲ್ ಮೇಡಂ ಆ ಸಾಲನ್ನು ಇನ್ನೊಮ್ಮೆ ಕೂಡಿಸಿ ಓದಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಕಡೆಯ ಹಳ್ಳಿಗಳಲ್ಲಿ ಆಗ ಮಕ್ಕಳು ಹುಟ್ಟಿದ ದಿನವನ್ನು ಯಾರೂ ಬರೆದಿಡುತ್ತಿರಲಿಲ್ಲ. ಡ್ರಿಲ್ ಮೇಡಂ ಹುಟ್ಟಿದ್ದು ಕಡಲೆಕಾಯಿ ಗಿಡ ಕೀಳುವ ಕಾಲದಲ್ಲಿ, ಅಂದರೆ ಅಕ್ಟೋಬರ್-ನವೆಂಬರಿನ ಹೊತ್ತಿಗೆ, ಒಂದು ಮಂಗಳವಾರ. ಅವರ ತಾಯಿಗೆ ಗೊತ್ತಿದ್ದದ್ದು ಅಷ್ಟು. ಮಗುವನ್ನು ಶಾಲೆಗೆ ತಂದರೆ ಮೇಷ್ಟರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಐದು ವರ್ಷ ಆಯಿತು. ಹುಟ್ಟಿದ ದಿನದ ಕಾಲಮ್ಮಿನಲ್ಲಿ ಎಲ್ಲರಿಗೂ ಒಂದೇ ಕೈಬರಹದಲ್ಲಿ ಜುಲೈ ಒಂದು. ಅದೇ ತಾರೀಖು ಟೀಸಿಗೆ ಬಂತು, ಟೀಸಿಯಿಂದ ರೇಷನ್ ಕಾರ್ಡಿಗೆ, ಅಲ್ಲಿಂದ ಆಧಾರಿಗೆ. ಹೀಗೆ ಅವರ ಹಳ್ಳಿಯಲ್ಲಿ ಅವರ ಜೊತೆ ಕಿವಿ ಮುಟ್ಟಿದವರೆಲ್ಲ ಸರ್ಕಾರದ ಲೆಕ್ಕದಲ್ಲಿ ಒಂದೇ ದಿನ ಹುಟ್ಟಿದವರು.

ನನ್ನದು ಹಾಗಲ್ಲ. ನಮ್ಮ ಕಾನ್ವೆಂಟಿನಲ್ಲಿ ಆಸ್ಪತ್ರೆಯ ಚೀಟಿ ಇಲ್ಲದೆ ಅಡ್ಮಿಷನ್ನೇ ಇಲ್ಲ. ನಾನು ಫೆಬ್ರವರಿಯ ಯಾವ ದಿನ, ಬೆಳಗಿನ ಎಷ್ಟು ಗಂಟೆಗೆ ಹುಟ್ಟಿದೆ ಎನ್ನುವುದು ರಿಜಿಸ್ಟರಿನಲ್ಲಿದೆ. ಸುಳ್ಳು ಯಾವ ಬಣ್ಣದ್ದಾದರೂ ಸುಳ್ಳೇ ಎಂದು ನಮ್ಮ ಮದರ್ ಸುಪೀರಿಯರ್ ಕೈಮೇಲೆ ಸ್ಕೇಲಿನಿಂದ ಬರೆದು ಕಲಿಸಿದ್ದರು. ಆದ್ದರಿಂದ, ಇದು ಸರಿಯೇ ಡ್ರಿಲ್ ಮೇಡಂ, ನಿಮ್ಮ ಹುಟ್ಟುಹಬ್ಬ ಅದಲ್ಲವಲ್ಲ ಎಂದೆ.

"ಆ ಸುಳ್ಳು ಹೇಳಿದ್ದು ನಾನಾ? ಮೇಷ್ಟ್ರು ಬರೆದ್ರು, ಸರ್ಕಾರ ಸೀಲ್ ಹಾಕ್ತು. ಈಗ ಅದೇ ತಾರೀಕು ಹಿಡ್ಕಂಡು ನನ್ನ ನಾಕು ತಿಂಗಳು ಮುಂಚೇನೇ ಮನೆಗೆ ಕಳಿಸ್ತಾವ್ರೆ. ಆಗ ಯಾರಾದ್ರೂ ನಿಜಾನಾ ಅಂತ ಕೇಳಿದ್ರಾ ಅಕ್ಕ?"

ಮದರ್ ಸುಪೀರಿಯರನ್ನು ಬದಿಗಿಟ್ಟು, ಹಾಗಾದರೆ ಬೇಗ ಬುಕ್ ಮಾಡಿ ಎಂದೆ.

ಅವರು ಒಬ್ಬರೇ ಹೋಗಬಹುದಿತ್ತು. ಹೋಗುವ ಹೆಂಗಸಲ್ಲ. ಕುಂದುರ್ಪಿ ಬಸ್ಸು ಹತ್ತಿ ಹಳ್ಳಿಗೆ ಹೋಗಿ, ಹಳೆಯ ಕ್ಲಾಸಿನ ಹೆಂಗಸರನ್ನೆಲ್ಲ ಹುಡುಕಿದರು. ಇವರನ್ನು ಬಿಟ್ಟು ಹದಿನಾರು ಜನ. ಕುರಿ ಕಾಯುವವರು, ಅಂಗನವಾಡಿಯಲ್ಲಿ ಅಡುಗೆ ಮಾಡಿದವರು, ಹೊಲದ ಯಜಮಾನಿಯರು. ಆಧಾರ್ ತರಿಸಿ ನೋಡಿದರು. ಮೂವರಿಗೆ ಆಧಾರ್ ಸೆಂಟರಿನವರು ಜನವರಿ ಒಂದು ಕೊಟ್ಟಿದ್ದರು. ಆ ಮೂವರಿಗೆ ಬೇಜಾರಾಯಿತು. ಡ್ರಿಲ್ ಮೇಡಂ, ನಿಮ್ಮನ್ನು ಜನವರಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟು ಬಂದು, ಹೊಸ ವರ್ಷದ ದಿನ ಯಾವ ಆಫರೂ ಇಲ್ಲವಂತೆ, ಏನು ಮಾಡಲಿ ಎಂದು ನನ್ನ ಹತ್ತಿರ ಗೋಳಾಡಿದರು. ಉಳಿದ ಹದಿಮೂರು ಜನಕ್ಕೂ ತಮಗೂ ಕಲ್ಯಾಣದುರ್ಗದ ಇಂಟರ್‌ನೆಟ್ ಅಂಗಡಿಯಲ್ಲಿ ಬುಕ್ ಮಾಡಿಸಿದರು. ಒಂದೇ ತಾರೀಖನ್ನು ಐದು ಸಲ ಒತ್ತಿದ ಮೇಲೆ ಅಂಗಡಿಯವನು ಕೀಬೋರ್ಡ್ ಕೆಟ್ಟಿದೆ ಎಂದು ಮಗುಚಿ ತಟ್ಟಿದನಂತೆ.

ನಾನು ಬರಲೇಬೇಕು ಎಂದರು, ಕೌಂಟರಿನಲ್ಲಿ ತಕರಾರಾದರೆ ಇಂಗ್ಲಿಷ್ ಬೇಕಲ್ಲ. ಮೂವತ್ತನೆಯ ತಾರೀಖು ಸ್ಕೂಲಿನಲ್ಲಿ ಬೀಳ್ಕೊಡುಗೆ. ಶಾಲು, ಹಾರ, ಮೂರು ಭಾಷಣ. ಎಲ್ಲರೂ ಅವರು ಅಳುತ್ತಾರೆ ಎಂದು ಕಾದರು. ಅವರು ಮೈಕಿನ ಮುಂದೆ ನಿಂತು, ನಾಳೆ ಬೆಳಿಗ್ಗೆ ಗಾಡಿ ಇದೆ, ಬೇಗ ಮಲಗಬೇಕು ಎಂದು ಇಳಿದುಬಿಟ್ಟರು.

ಜುಲೈ ಒಂದರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಮಿನಿ ಬಸ್ಸು ನಿಂತಿತು. ಡ್ರೈವರ್ ಯಾರು ಎಂದುಕೊಂಡಿರಿ? ಹಾಲ್ ಟಿಕೆಟ್ಟಿಗಾಗಿ ಪಾಸಾದ ಹುಡುಗ, ಈಗ ಎರಡು ಮಕ್ಕಳ ತಂದೆ, ಸ್ವಂತ ಗಾಡಿ. ಡೀಸೆಲ್ ಹಾಕಿಸಿದರೆ ಸಾಕು ಮೇಡಂ ಎಂದು ಬಂದಿದ್ದ. ಒಳಗೆ ಹದಿಮೂರು ಹೆಂಗಸರು, ಎಲ್ಲರ ತಲೆಯಲ್ಲೂ ಕನಕಾಂಬರ. ಬುಟ್ಟಿಗಳು ಸೀಟಿನ ಕೆಳಗೆ, ಒಬ್ಬಟ್ಟಿನ ವಾಸನೆ. ಕೊಡಿಕೊಂಡ ದಾಟುವವರೆಗೆ ಒಬ್ಬೊಬ್ಬರೂ ತಾವು ನಿಜವಾಗಿ ಹುಟ್ಟಿದ್ದು ಯಾವಾಗ ಎಂದು ವಾದ ಮಾಡುತ್ತಿದ್ದರು. ಒಬ್ಬಾಕೆ ತಾನು ಕುರಿ ಸಂತೆಯ ದಿನ ಹುಟ್ಟಿದವಳೆಂದಳು. ಇನ್ನೊಬ್ಬಾಕೆ, ಅದಕ್ಕೇ ನಿನಗೆ ಯಾರೂ ಸರಿಯಾದ ರೇಟ್ ಕೊಡಲಿಲ್ಲ ಬಿಡೇ ಎಂದಳು. ಬಸ್ಸು ನಕ್ಕಿತು.

ಕೌಂಟರಿನಲ್ಲಿದ್ದ ಯುವಕ ಮೊದಲ ಕಾರ್ಡು ನೋಡಿ ಹ್ಯಾಪಿ ಬರ್ತ್‌ಡೇ ಎಂದ. ಎರಡನೆಯದಕ್ಕೂ ಎಂದ. ಮೂರನೆಯದಕ್ಕೆ ನಿಧಾನವಾದ. ಐದನೆಯದಕ್ಕೆ ಎದ್ದು ಹೋಗಿ ಮ್ಯಾನೇಜರನ್ನು ಕರೆತಂದ. ಟೈ ಕಟ್ಟಿದ ಮನುಷ್ಯ, ಇಂಗ್ಲಿಷಿನಲ್ಲೇ ಶುರುಮಾಡಿದ. ನನ್ನ ಸರದಿ. ಅವರದೇ ಕಂಡೀಷನ್ನನ್ನು, ಕಾಮಾ ಬಿಡದೆ, ನನ್ನ ಅತ್ಯುತ್ತಮ ಕಾನ್ವೆಂಟ್ ಉಚ್ಚಾರಣೆಯಲ್ಲಿ ಅವನಿಗೆ ಓದಿ ಹೇಳಿದೆ. ಅವನು ಕಾರ್ಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ಅಸಲಿ. ಕೊನೆಗೆ ಡ್ರಿಲ್ ಮೇಡಂ ಕಡೆ ತಿರುಗಿ ಕನ್ನಡದಲ್ಲಿ, ನೀವೆಲ್ಲ ಒಂದೇ ದಿನ ಹುಟ್ಟಿದ್ದಾ ಎಂದು ಕೇಳಿದ.

ಹೌದು ಎಂದರೆ ಸುಳ್ಳು, ಅಲ್ಲ ಎಂದರೆ ಗೇಟು ಮುಚ್ಚಿತು. ಡ್ರಿಲ್ ಮೇಡಂ ಅಟೆನ್ಷನ್ನಿನಲ್ಲಿ ನಿಂತಿದ್ದರು.

"ಒಂದೇ ದಿನ ಹುಟ್ಟಿದ್ದಲ್ಲ ಕಣಪ್ಪ. ಒಂದೇ ದಿನ ಕಿವಿ ಮುಟ್ಟಿದ್ದು."

ಎಂದು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಹಿಡಿದು ತೋರಿಸಿದರು. ಹಿಂದೆ ನಿಂತಿದ್ದ ಹದಿಮೂರು ಜನವೂ, ಡ್ರಿಲ್ಲಿನಲ್ಲಿ ಹೇಳಿಕೊಟ್ಟ ಹಾಗೆ, ಕೈ ಎತ್ತಿ ಕಿವಿ ಹಿಡಿದರು. ಬಳೆಗಳ ಸದ್ದು. ಮ್ಯಾನೇಜರ್ ಟೈ ಸಡಿಲಿಸಿಕೊಂಡು, "ನಮ್ಮಪ್ಪಂದೂ ಹೀಗೇ, ಜೂನ್ ಒಂದು" ಎಂದು, ಕೌಂಟರಿನ ಯುವಕನಿಗೆ ಪಟ್ಟಿ ಕೊಡು ಎಂದ. ನನಗೂ ಸೀನಿಯರ್ ಸಿಟಿಜನ್ ರಿಯಾಯಿತಿ ಇದೆ ಎಂದ. ನಾನು ಬೇಡ ಎಂದೆ. ಬುಟ್ಟಿಗಳಿದ್ದವಲ್ಲ.

ಗೇಟಿನ ಹತ್ತಿರ ಒಂದು ಘಟನೆ ಆಯಿತು. ಎಲ್ಲರ ಕೈಗೂ ಪಟ್ಟಿ ಕಟ್ಟಿಸಿ, ಎಲ್ಲರನ್ನೂ ಎಣಿಸಿ ಒಳಗೆ ಬಿಟ್ಟ ಡ್ರಿಲ್ ಮೇಡಂ, ಅಭ್ಯಾಸಬಲದಿಂದ ತಿರುಗಿ ಹೊಂಗೆ ಮರದ ಕಡೆ ನಡೆದರು. ಕೈಯಲ್ಲಿ ಪಟ್ಟಿ ಇದೆ, ಕಾಲು ಮಾತ್ರ ಹಳೆಯ ದಾರಿ ಹಿಡಿದಿದೆ. ನಾನು ಅವರಿಗಿಂತ ಮುಂಚೆ ಹೋಗಿ ಆ ಕಲ್ಲಿನ ಮೇಲೆ ಕೂತುಬಿಟ್ಟೆ. ಅವರು ನನ್ನನ್ನು ನೋಡಿದರು, ಬುಟ್ಟಿ ನೋಡಿದರು, ಮರ ನೋಡಿದರು. ಆಮೇಲೆ ಕೊರಳಿನ ವಿಸಲ್ ತೆಗೆದು ನನ್ನ ಕೊರಳಿಗೆ ಹಾಕಿ, ಕೋತಿ ಬಂದರೆ ಹೊಟ್ಟೆಯಿಂದ ಊದಬೇಕು, ಬಾಯಿಂದ ಅಲ್ಲ ಎಂದು ಹೇಳಿ, ಕ್ಯಾನ್ವಾಸ್ ಶೂ ಟಪಟಪ ಎನಿಸುತ್ತ ಗೇಟಿನ ಕಡೆ ಹೋದರು. ಹೋದವರು ಹಿಂದಿರುಗಿ ನೋಡಲಿಲ್ಲ.

ಮರದ ಕೆಳಗಿನ ಎಳನೀರಿನವನು ಬಂದು ಮಾತಿಗೆ ಕೂತ. ಆ ಡ್ರಿಲ್ ಮೇಡಂ ಕೊನೆಗೂ ಒಳಗೆ ಹೋದರಾ ಎಂದು ಕೇಳಿದ. ಒಳಗಿನ ಅಲೆಯ ಬಗ್ಗೆ ಅವನಿಗೆ ಎಲ್ಲ ಗೊತ್ತಿತ್ತು. ಸೈರನ್ ಆಗುವುದು, ನೀರು ಉಸಿರು ಎಳೆದುಕೊಳ್ಳುವುದು, ಗೋಡೆ ಎದ್ದು ಬರುವುದು. ನೀವೂ ಒಳಗೆ ಹೋಗಿದ್ದೀರಾ ಎಂದೆ. ಇಲ್ಲ, ಆ ಮೇಡಂ ಪ್ರತಿ ವರ್ಷ ಹೇಳುತ್ತಿದ್ದರು ಎಂದ. ನಾನು ಬಸ್ಸಿನಲ್ಲಿ ಹೇಳಿದ್ದನ್ನು ಅವರು ಒಂದು ವರ್ಷ ಕಾದಿಟ್ಟು ತಂದು ಈ ಕಲ್ಲಿನ ಮೇಲೆ ಕೂತು ಇವನಿಗೆ ಹೇಳಿದ್ದಾರೆ. ನನ್ನ ಎಸ್ಸೇಗೆ ಅಷ್ಟು ಒಳ್ಳೆಯ ಓದುಗರು ಮತ್ತೆ ಸಿಕ್ಕಿಲ್ಲ. ಅಷ್ಟರಲ್ಲಿ ಕೋತಿ ಬಂತು. ನಾನು ಬಾಯಿಂದ ಊದಿದೆ. ಅದು ನನ್ನನ್ನೊಮ್ಮೆ ಕರುಣೆಯಿಂದ ನೋಡಿ ಒಬ್ಬಟ್ಟಿನ ಪೊಟ್ಟಣ ಎತ್ತಿಕೊಂಡು ಹೋಯಿತು. ಎರಡನೆಯದು ಬಂದಾಗ ಹೊಟ್ಟೆಯಿಂದ ಊದಿದೆ. ಕೋತಿ ಓಡಿತು, ರಸ್ತೆಯಲ್ಲಿ ಎರಡು ಆಟೋ ನಿಂತವು.

ಒಂದು ಗಂಟೆಗೆ ಅವರೆಲ್ಲ ಹೊರಗೆ ಬಂದರು. ಹದಿನಾಲ್ಕು ತಲೆಯ ಮೇಲೂ ಚಿನ್ನದ ಬಣ್ಣದ ಕಾಗದದ ಕಿರೀಟ. ಒಳಗೆ ಮೈಕಿನಲ್ಲಿ ಹಾಡು ಹಾಕಿ ದೊಡ್ಡ ಕೇಕ್ ಕತ್ತರಿಸಿದರಂತೆ. ಯಾರಿಗೂ ಅವರ ಹುಟ್ಟಿದ ದಿನ ಗೊತ್ತಿಲ್ಲ, ಹುಟ್ಟುಹಬ್ಬ ಮಾತ್ರ ಆಗಿಹೋಯಿತು. ಡ್ರಿಲ್ ಮೇಡಂ ಸೀರೆ ಮೊಣಕಾಲಿನವರೆಗೆ ಒದ್ದೆ, ಶೂ ಕೈಯಲ್ಲಿ. ಸೆರಗಿನ ತುದಿ ಬಿಚ್ಚಿ ಟಿಶ್ಯೂ ಪೇಪರಿನಲ್ಲಿ ಸುತ್ತಿದ ಒಂದು ತುಂಡು ಕೇಕ್ ತೆಗೆದು ನನ್ನ ಕೈಗಿಟ್ಟರು. ಹೊರಗಿನ ತಿಂಡಿ ಒಳಗೆ ತರಬೇಡಿ ಎಂದು ಬೋರ್ಡಿದೆ, ಒಳಗಿನದು ಹೊರಗೆ ಒಯ್ಯಬೇಡಿ ಎಂದು ಎಲ್ಲೂ ಇಲ್ಲ, ನೋಡಿಕೊಂಡೇ ಬಂದೆ ಎಂದರು. ಆಗ ತೆಗೆದದ್ದು ಆ ಫೋಟೊ.

ಅಷ್ಟು ವರ್ಷ ಅವರು ಕೇಳಿದ ಪ್ರಶ್ನೆಯನ್ನು ಈಗ ನಾನು ಕೇಳಿದೆ. ಅಲೆ ಹೇಗಿತ್ತು? ಅವರು ಸೀರೆಯ ನೆರಿಗೆ ಹಿಂಡುತ್ತ ಯೋಚಿಸಿದರು.

"ಚೆನ್ನಾಗೈತೆ. ಆದ್ರೆ ನೀವು ಹೇಳ್ತಿದ್ದಷ್ಟು ಇಲ್ಲ ಕಣಕ್ಕ." ಎಳನೀರಿನವನು ನನ್ನ ಮುಖ ನೋಡಿದ. "ಇರಿ, ಇನ್ನೊಂದ್ಸಲ ನೋಡ್ಕಂಬತ್ತೀನಿ."

ಚಿತ್ರಾನ್ನ ಉಂಡು ಮತ್ತೆ ಹೋದರು. ಸಂಜೆಯಾಯಿತು. ಒಬ್ಬೊಬ್ಬರಾಗಿ ಹದಿಮೂರು ಜನವೂ ಬಸ್ಸಿಗೆ ಬಂದು ಕೂತರು. ಇವರು ಮಾತ್ರ ಬರಲಿಲ್ಲ. ಮೈಕಿನಲ್ಲಿ ಎರಡು ಸಲ ಕರೆದರು. ಕೊನೆಗೆ ಗೇಟಿನ ಸೆಕ್ಯುರಿಟಿಯವನು, ಮುಚ್ಚುವ ಹೊತ್ತಾಯಿತು ಅಜ್ಜಿ, ನೀವೇ ಹೋಗಿ ಕರ್ಕೊಂಡು ಬನ್ನಿ ಎಂದು ನನ್ನನ್ನು ಒಳಗೆ ಬಿಟ್ಟ.

ಕೊಳದ ಮೆಷಿನ್ ನಿಲ್ಲಿಸಿದ್ದರು. ನೀರು ತಟ್ಟೆಯಲ್ಲಿಟ್ಟಂತೆ ಸುಮ್ಮನಿತ್ತು. ಅದರ ನಡುವೆ, ಸೊಂಟದವರೆಗೆ ಒದ್ದೆಯಾಗಿ, ಕಿರೀಟ ಒಂದು ಕಿವಿಗೆ ಜಾರಿ, ಡ್ರಿಲ್ ಮೇಡಂ ಆ ಕಡೆ ಮುಖ ಮಾಡಿ ನಿಂತಿದ್ದರು, ಇನ್ನೊಂದು ಬರಬಹುದು ಎನ್ನುವ ಹಾಗೆ. ಕರೆದೆ, ಕೇಳಿಸಲಿಲ್ಲ. ಕೊರಳಿನ ವಿಸಲ್ ತೆಗೆದು ಹೊಟ್ಟೆಯಿಂದ ಊದಿದೆ. ಥಟ್ಟನೆ ತಿರುಗಿದರು, ಏಳನೇ ಕ್ಲಾಸಿನ ಮಕ್ಕಳು ತಿರುಗುತ್ತಿದ್ದ ಹಾಗೆಯೇ.

ನೀರು ತುಳಿಯುತ್ತ ದಡಕ್ಕೆ ಬಂದವರ ಕಣ್ಣು ಮೊದಲು ಹೋದದ್ದು ನನ್ನ ಮಣಿಕಟ್ಟಿಗೆ. ಅಲ್ಲಿ ಪಟ್ಟಿ ಇರಲಿಲ್ಲ.

"ನೀವೆಂಗೆ ಬಂದ್ರಿ ಒಳಕ್ಕೆ? ಟಿಕೆಟ್ ತಗಂಡ್ರಾ?"

ಇಲ್ಲ, ಸೆಕ್ಯುರಿಟಿಯವನು ಹಾಗೇ ಬಿಟ್ಟ ಎಂದೆ.

"ಹಂಗೇನಾ? ಎಷ್ಟೊತ್ತಿಗೆ?"

ಗಡಿಯಾರ ನೋಡಿ ಹೇಳಿದೆ. ಡ್ರಿಲ್ ಮೇಡಂ ಕಿರೀಟ ಸರಿಮಾಡಿಕೊಂಡು, ಆ ಹೊತ್ತನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡರು, ಮುಂದಿನ ಸಲಕ್ಕೆ ಮರೆಯಬಾರದೆಂದು.